ಸಂಪಿನ ಮುಚ್ಚಳ ತೆಗೀರಿ: ಬಡಾವಣೆಗೊಂದು ನೀರಿನ ನಾಟಕ ಬರೆದ ಅನುಭವ

2024ರ ಅಕ್ಟೋಬರ್ ಮೊದಲ ವಾರ. ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಬಡಾವಣೆಯ ಸಂಘದವರು ಮೂವರು ಗೇಟಿನ ಹತ್ತಿರ ಬಂದು ನಿಂತರು. ‘ಟೀಚರ್, ಈ ಸಲ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡ ಅಂತ ಮಾತಾಗಿದೆ. ನೀವೇ ಒಂದು ನಾಟಕ ಬರೆದು ಆಡಿಸಿ. ಇಪ್ಪತ್ತು ನಿಮಿಷ ಸಾಕು. ಜನ ನಗಬೇಕು, ಅಷ್ಟೇ’ ಅಂದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಕ್ಕಳಿಗೆ ನಾಟಕ ಕಲಿಸಿದ್ದೇನೆ. ದೊಡ್ಡವರನ್ನು ನಗಿಸೋಕೆ ಬರೆಯುವುದು ಅದೇ ಮೊದಲು. ಆದರೂ ಒಪ್ಪಿಕೊಂಡೆ. ಯಾವುದರ ಬಗ್ಗೆ ಬರೀಬೇಕು ಅಂತ ಹುಡುಕುವ ಕೆಲಸವೇ ಇರಲಿಲ್ಲ. ಆ ವರ್ಷ ನಮ್ಮ ಬಡಾವಣೆಯಲ್ಲಿ ಯಾರ ಮನೆಗೆ ಹೋದರೂ ಮಾತು ಕೊನೆಗೆ ನೀರಿಗೇ ಬರುತ್ತಿತ್ತು.

ನಾವಿರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಲ್ಲಿ ಒಂದು ನಮ್ಮದು. ಕಾವೇರಿ ನೀರು ಇನ್ನೂ ಬಂದಿರಲಿಲ್ಲ. ಬೋರ್‌ವೆಲ್ಲು, ಟ್ಯಾಂಕರು, ಇವೆರಡೇ ಗತಿ. ಆ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಸುಮಾರು 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ನಮ್ಮ ಬಡಾವಣೆಯ ಎರಡು ಬೋರುಗಳಲ್ಲಿ ಒಂದು ಫೆಬ್ರವರಿಯಲ್ಲೇ ನಿಂತಿತ್ತು. ಇನ್ನೊಂದು ಅರ್ಧ ಗಂಟೆ ನೀರು ಕೊಟ್ಟು, ಆಮೇಲೆ ಬರೀ ಗಾಳಿ ಉಗುಳುತ್ತಿತ್ತು. ಆ ಸದ್ದು ಕೇಳಿದವರಿಗೇ ಗೊತ್ತು. ಮುದುಕರು ಕೆಮ್ಮಿದ ಹಾಗಿರುತ್ತೆ. ಮನೆಯಲ್ಲಿ ಅಕ್ಕಿ ತೊಳೆದ ನೀರಲ್ಲಿ ತರಕಾರಿ ತೊಳೆದು, ಆ ನೀರನ್ನು ಗಿಡಕ್ಕೆ ಹಾಕುತ್ತಿದ್ದೆ. ನಮ್ಮ ಅತ್ತೆಯವರು ಊರಿನಲ್ಲಿ ಬಾವಿ ಇದ್ದ ಮನೆಯಲ್ಲಿ ಬೆಳೆದವರು. ಎಪ್ಪತ್ತು ದಾಟಿದ ಮೇಲೆ ಒಂದು ಚೊಂಬಿನಲ್ಲಿ ಪಾತ್ರೆ ಬೆಳಗುವುದನ್ನು ಕಲಿತರು.

ಇದರ ಬಗ್ಗೆ ನಗೋದು ಹೇಗೆ? ಮೊದಲು ನನ್ನನ್ನು ಕಾಡಿದ ಪ್ರಶ್ನೆ ಅದೇ.

ನಮ್ಮ ತಾತ ಹಳೇ ಟ್ರಂಕಿನಲ್ಲಿ ‘ಕೊರವಂಜಿ’ ಪತ್ರಿಕೆಯ ಕೆಲವು ಸಂಚಿಕೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಈಗ ಅವು ನನ್ನ ಹತ್ತಿರ ಇವೆ. ಹಾಳೆ ತಿರುಗಿಸಿದರೆ ಅಂಚು ಪುಡಿಯಾಗುತ್ತೆ. ಬೆಂಗಳೂರಿನ ಆ ನಗೆ ಪತ್ರಿಕೆಯನ್ನು 1942ರಲ್ಲಿ ಶುರು ಮಾಡಿ 25 ವರ್ಷ ನಡೆಸಿದವರು ರಾಶಿ, ಅಂದರೆ ಎಂ. ಶಿವರಾಂ. ವೃತ್ತಿಯಲ್ಲಿ ಡಾಕ್ಟರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಆಗ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಆ ಹಾಳೆಗಳನ್ನು ಎರಡು ರಾತ್ರಿ ಕೂತು ಓದಿದೆ. ಅವುಗಳಲ್ಲಿ ಬರುವವರೆಲ್ಲ ಬೀದಿಯವರು, ಆಫೀಸಿನವರು, ಪಕ್ಕದ ಮನೆಯವರು. ಡಾಕ್ಟರು ಹೊಟ್ಟೆ ಒತ್ತಿ ನೋಡುವಾಗ ಎಲ್ಲಿ ನೋವಿದೆಯೋ ಅಲ್ಲೇ ಒತ್ತುತ್ತಾರಲ್ವಾ? ಓದುತ್ತಾ ನನಗೆ ಅದೇ ನೆನಪಾಗುತ್ತಿತ್ತು. ನಾನೂ ಹಾಗೇ ಮಾಡಬೇಕು ಅಂದುಕೊಂಡು ಬರೆಯೋಕೆ ಕೂತೆ.

ಮೊದಲ ಬರಹದಲ್ಲಿ ಮಾಡಿದ್ದೇ ಬೇರೆ. ಟ್ಯಾಂಕರ್ ಡ್ರೈವರನ್ನು ಮಹಾರಾಜನ ಹಾಗೆ ತಂದೆ. ಕೊರಳ ತುಂಬ ಚಿನ್ನದ ಸರ, ಕಪ್ಪು ಕನ್ನಡಕ. ಬಡಾವಣೆಯವರೆಲ್ಲ ಆರತಿ ಹಿಡಿದು ನಿಂತಿರುತ್ತಾರೆ. ಒಂದು ಲೋಡಿಗೆ ಒಂದು ಲಕ್ಷ ರೂಪಾಯಿ. ಕೊಡೋಕೆ ಆಗದವರು ಮನೆ ಪತ್ರ ಅಡ ಇಡುತ್ತಾರೆ. ದೊಡ್ಡದಾಗಿ ಉಬ್ಬಿಸಿದರೆ ಜನ ನಗುತ್ತಾರೆ ಅನ್ನುವುದು ನನ್ನ ನಂಬಿಕೆಯಾಗಿತ್ತು.

ವಿಜಯದಶಮಿಯ ಮರುದಿನ ಭಾನುವಾರ ನಮ್ಮ ಮನೆ ತಾರಸಿಯಲ್ಲಿ ಎಲ್ಲರೂ ಸೇರಿದೆವು. ಪಾತ್ರ ಮಾಡೋಕೆ ಒಪ್ಪಿದವರು ಒಂಬತ್ತು ಜನ. ಹತ್ತನೇ ಕ್ಲಾಸಿನ ಇಬ್ಬರು ಹುಡುಗರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಅಂಕಲ್, ಎದುರು ಮನೆ ಗಂಡ ಹೆಂಡತಿ, ಮೂಲೆ ಮನೆಯ ಅಜ್ಜಿ, ಹೀಗೆ. ಡ್ರೈವರ್ ಪಾತ್ರಕ್ಕೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರನ್ನು ಒಪ್ಪಿಸಿದ್ದೆ. ಗಟ್ಟಿ ದನಿ, ಎತ್ತರದ ಆಳು. ಹದಿನೈದು ವರ್ಷದಿಂದ ಅದೇ ಮೂಲೆಯಲ್ಲಿ ಗಾಡಿ ಹಾಕಿಕೊಂಡು ನಿಂತವರು. ಬೀದಿಯಲ್ಲಿ ಏನಾದರೂ ಅವರ ಕಣ್ಣಿಗೆ ಬೀಳದೇ ಇರೋಲ್ಲ.

ಓದಿದೆ. ಆರತಿಯ ಹತ್ತಿರ ಒಂದಿಷ್ಟು ನಗು ಬಂತು. ಲಕ್ಷ ರೂಪಾಯಿಗೆ ಬರಲಿಲ್ಲ. ಮುಗಿದ ಮೇಲೆ ಎಲ್ಲರೂ ‘ಚೆನ್ನಾಗಿದೆ, ಚೆನ್ನಾಗಿದೆ’ ಅಂದರು. ಇಸ್ತ್ರಿಯವರು ಮಾತ್ರ ಸುಮ್ಮನೆ ಕೂತಿದ್ದರು. ಯಾಕಣ್ಣ ಅಂತ ಕೇಳಿದೆ.

‘ಮೇಡಂ, ತಪ್ಪು ತಿಳ್ಕೋಬೇಡಿ. ಟ್ಯಾಂಕರ್ ಓಡಿಸೋನು ಚಿನ್ನದ ಸರ ಹಾಕ್ಕೊಂಡು ಬಂದಿದ್ದು ನಾನು ನೋಡಿಲ್ಲ. ಅವನ ಚಪ್ಪಲಿ ಯಾವಾಗ್ಲೂ ಒದ್ದೆ ಇರುತ್ತೆ. ಅಷ್ಟು ನೋಡಿದೀನಿ.’

ತಾರಸಿಯಲ್ಲಿ ಯಾರೂ ಮಾತಾಡಲಿಲ್ಲ. ಅವರೇ ಮತ್ತೆ ಅಂದರು: ‘ಟ್ಯಾಂಕರ್ ಓನರ್ ಬೇರೆ, ಡ್ರೈವರ್ ಬೇರೆ. ನೀವು ಸರ ಹಾಕೋದಾದ್ರೆ ಸರಿಯಾದ ಕುತ್ತಿಗೆಗೆ ಹಾಕಿ.’

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ನಮ್ಮ ಗೇಟಿನ ಮುಂದೆ ನಿಲ್ಲುವ ಟ್ಯಾಂಕರು. ಅದರ ಡ್ರೈವರ್ ಕಾಲಲ್ಲಿ ಏನಿತ್ತು ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆ. ಬರಲಿಲ್ಲ. ನೋಡದೇ ಇದ್ದವರ ಮೇಲೆ ನಗೆ ನಾಟಕ ಬರೆಯುವುದು ಸರಿ ಅಲ್ಲ ಅಂತ ಆಗ ಗಟ್ಟಿಯಾಗಿ ಅನ್ನಿಸಿತು.

ಅದೇ ವಾರ ಮಳೆ ಶುರುವಾಯಿತು. ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತದ ಉದ್ಘಾಟನೆ. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು, ಮುಖ್ಯವಾಗಿ ನಮ್ಮಂಥ 110 ಹಳ್ಳಿಗಳಿಗೆ. ಟೀವಿಯಲ್ಲಿ ಅದರ ಸುದ್ದಿ ಬರುತ್ತಿತ್ತು, ಪಕ್ಕದಲ್ಲೇ ಬೆಂಗಳೂರಿನ ರಸ್ತೆಗಳಲ್ಲಿ ಮಳೆ ನೀರು ನಿಂತ ಚಿತ್ರ. ನಮ್ಮ ಬೀದಿಯಲ್ಲಿ ನೀರು ಮೊಣಕಾಲಿಗೆ ಬಂತು. ಚರಂಡಿ ನೀರು ಸಂಪಿಗೆ ನುಗ್ಗಿತು. ಎದುರು ಮನೆಯವರು ನೀಲಿ ಬಕೆಟ್ಟಿನಲ್ಲಿ ಸಂಪಿನ ನೀರನ್ನು ಎತ್ತಿ ಎತ್ತಿ ರಸ್ತೆಗೆ ಸುರಿಯುತ್ತಿದ್ದರು. ಮಾರ್ಚಿನಲ್ಲಿ ಅದೇ ಬಕೆಟ್ಟನ್ನು ಬೋರಿನ ನಲ್ಲಿಯ ಕೆಳಗೆ ರಾತ್ರಿಯೆಲ್ಲ ಇಟ್ಟು, ತೊಟ್ಟು ತೊಟ್ಟು ಬಿದ್ದ ನೀರನ್ನು ಬೆಳಿಗ್ಗೆ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಆ ಬಕೆಟ್ಟನ್ನೇ ನೋಡುತ್ತಿದ್ದೆ. ನಾಟಕದ ಎರಡನೇ ದೃಶ್ಯ ಕಣ್ಣೆದುರಿಗೇ ಇತ್ತು. ಒಂದು ಮಾತೂ ಉಬ್ಬಿಸಬೇಕಾಗಿರಲಿಲ್ಲ.

ಮುಂದಿನ ಲೋಡ್ ತಂದಾಗ ಡ್ರೈವರನ್ನು ಕೇಳಿದೆ. ‘ಅಣ್ಣ, ನಿಮ್ಮ ಜೊತೆ ಒಂದು ಟ್ರಿಪ್ ಬರಬಹುದಾ? ನೀರು ಎಲ್ಲಿ ತುಂಬಿಸ್ತೀರಿ ನೋಡಬೇಕು.’ ಅವರಿಗೆ ಗಾಬರಿ. ಎಲ್ಲಿಗಾದರೂ ದೂರು ಕೊಡೋಕೆ ಅಂದುಕೊಂಡರೋ ಏನೋ. ನಾಟಕದ ವಿಷಯ ಬಿಡಿಸಿ ಹೇಳಿದೆ. ‘ಸೀಟು ಸರಿ ಇಲ್ಲ ಅಕ್ಕಾ’ ಅಂದರು. ಪರವಾಗಿಲ್ಲ ಅಂದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ನನ್ನ ಮಗ ಕೂಡ ಬಂದ. ನಾನು ಫ್ಲಾಸ್ಕಿನಲ್ಲಿ ಕಾಫಿ ತಗೊಂಡಿದ್ದೆ.

ಹೊಸಕೋಟೆ ಕಡೆ ಒಂದು ನೀಲಗಿರಿ ತೋಪಿನ ಪಕ್ಕ ಬೋರ್ ಇತ್ತು. ಕಬ್ಬಿಣದ ಕಂಬದ ಮೇಲೆ ಅಡ್ಡ ಪೈಪು. ಅದರ ಬಾಯಿಗೆ ಕಟ್ಟಿದ ಹಳೇ ಲಾರಿ ಟ್ಯೂಬಿನ ತುಂಡು. ಟ್ಯಾಂಕರನ್ನು ಹಿಂದೆ ತಂದು ಅದರ ಕೆಳಗೆ ನಿಲ್ಲಿಸಬೇಕು. ಒಂದಡಿ ಆಚೀಚೆ ಆದರೂ ನೀರು ಹೊರಗೆ. ಅವರು ಕನ್ನಡಿ ನೋಡದೇ ಒಂದೇ ಸಲಕ್ಕೆ ನಿಲ್ಲಿಸಿದರು. ಮೋಟಾರ್ ಹಾಕಿದರು. ಖಾಲಿ ಟ್ಯಾಂಕಿಗೆ ನೀರು ಬೀಳುವ ಸದ್ದು ಮೊದಲು ಗುಡುಗಿದ ಹಾಗಿತ್ತು. ತುಂಬುತ್ತಾ ಬಂದ ಹಾಗೆ ಸದ್ದು ತೆಳ್ಳಗಾಯಿತು. ಅವರು ಕಾಫಿ ಕುಡಿಯುತ್ತಾ ನಿಂತಿದ್ದವರು ಒಂದು ಸಲವೂ ಮೇಲೆ ಹತ್ತಿ ನೋಡಲಿಲ್ಲ. ‘ಈಗ ಮುಕ್ಕಾಲು’ ಅಂದರು. ನನ್ನ ಮಗ ಏಣಿ ಹತ್ತಿ ನೋಡಿದ. ಮುಕ್ಕಾಲೇ!

ಕಾಲು ನೋಡಿದೆ. ನೀಲಿ ರಬ್ಬರ್ ಚಪ್ಪಲಿ. ಒದ್ದೆಯಾಗಿತ್ತು. ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿಕೊಂಡು ಸುಲಿದಿತ್ತು.

ಮಾರ್ಚಿನ ವಿಷಯ ಅವರೇ ತೆಗೆದರು. ಈ ಬೋರು ಅವಾಗ ಅರ್ಧ ಟ್ಯಾಂಕ್ ಕೊಟ್ಟು ನಿಲ್ಲುತ್ತಿತ್ತಂತೆ. ಮತ್ತೆ ಎರಡು ಗಂಟೆ ಕಾಯಬೇಕು. ಹಿಂದೆ ಎಂಟು ಒಂಬತ್ತು ಗಾಡಿ ಸಾಲಾಗಿ. ಕ್ಯಾಬಿನ್ನಿನಲ್ಲೇ ಊಟ, ಅಲ್ಲೇ ನಿದ್ದೆ. ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ‘ಬೈಯೋರು ಬೈತಿದ್ರು ಅಕ್ಕಾ. ಒಬ್ರು ಆಂಟಿ ಮಾತ್ರ ಅತ್ತುಬಿಟ್ರು, ಮನೇಲಿ ಬಾಣಂತಿ ಇದಾಳೆ ಅಂತ. ನಾನು ಬೈದೋರಿಗೆ ಮೊದ್ಲು ಹಾಕ್ದೆ. ಅತ್ತೋರಿಗೆ ಹಾಕ್ಬೇಕಿತ್ತು. ಅದು ಈಗ್ಲೂ ನೆನಪಾಗುತ್ತೆ.’

ಇದನ್ನು ನಾನು ನಾಟಕಕ್ಕೆ ಹಾಕಲಿಲ್ಲ. ನಗೆಯ ನಾಟಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆದರೆ ಆಮೇಲೆ ಬರೆದ ಪ್ರತಿ ಸಾಲನ್ನೂ ಆ ಮಾತು ಕೇಳಿದ ಕಿವಿಯಿಂದಲೇ ಬರೆದೆ.

ವಾಪಸ್ ಬರುವಾಗ ನಿಮ್ಮೂರು ಯಾವುದು ಅಂತ ಕೇಳಿದೆ. ಕೋಲಾರದ ಕಡೆಯವರು. ನರಸಾಪುರದ ಹತ್ತಿರ. ಅಲ್ಲಿನ ಲಕ್ಷ್ಮೀಸಾಗರ ಕೆರೆಗೆ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುತ್ತಿದ್ದಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ, ಜನ ಕೆ.ಸಿ. ವ್ಯಾಲಿ ಅಂತಾರೆ. ಅದು ಮೊದಲು ತಲುಪಿದ್ದು ಆ ಕೆರೆಗೇ. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ ಹೋಗುತ್ತೆ. ಡ್ರೈವರ್ ಗೇರ್ ಬದಲಿಸುತ್ತಾ ಹೇಳಿದರು: ‘ನೀವು ಸ್ನಾನ ಮಾಡಿ ಬಿಟ್ಟ ನೀರು ನಮ್ಮೂರ ಕೆರೆಗೆ ಹೋಗ್ತದೆ. ನಾನು ಇಲ್ಲಿ ನಿಮಗೆ ನೀರು ತಂದು ಹಾಕ್ತೀನಿ. ನಾವಿಬ್ರೂ ಕೊಟ್ಟು ತಗೊಳ್ಳೋದೇ ಆಯ್ತು.’

ನನ್ನ ಮಗ ಜೋರಾಗಿ ನಕ್ಕ. ಡ್ರೈವರೂ ನಕ್ಕರು. ಹತ್ತು ದಿನದಿಂದ ನಾನು ಹುಡುಕುತ್ತಿದ್ದ ನಗು ಅದು. ಅವರು ಏನನ್ನೂ ಕಟ್ಟಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಪಕ್ಕಪಕ್ಕ ಇಟ್ಟರು. ನಮ್ಮ ನಗರದ ಬಗ್ಗೆ ಬರೆಯುವವರಿಗೆ ಉಬ್ಬಿಸುವ ಅಗತ್ಯವೇ ಇಲ್ಲ ಅಂತ ನಾನು ನಂಬುವುದು ಆ ಬೆಳಿಗ್ಗೆಯಿಂದ. ಲೆಕ್ಕ ಸರಿಯಾಗಿ ಇಟ್ಟರೆ ಸಾಕು. ಜನ ಅದನ್ನು ಮೈಮೇಲೆ ಅನುಭವಿಸಿರುತ್ತಾರೆ. ಒಂದು ರೂಪಾಯಿ ಹೆಚ್ಚು ಕಮ್ಮಿ ಹೇಳಿದರೂ ಅವರಿಗೆ ಗೊತ್ತಾಗುತ್ತೆ.

ಇನ್ನೊಂದು ವಿಷಯ ಸಿಕ್ಕಿದ್ದು ನಮ್ಮ ಬೀದಿಯಲ್ಲೇ. ಲೋಡ್ ಇಳಿಸೋಕೆ ನಿಂತಾಗ ನಾನು ಕ್ಯಾಬಿನ್ನಿನಲ್ಲೇ ಕೂತು ನೋಡುತ್ತಿದ್ದೆ. ಅವರು ಪೈಪನ್ನು ಹೆಗಲ ಮೇಲೆ ಹೊತ್ತು ಗೇಟಿನೊಳಗೆ ಎಳೆದರು. ಅದು ದಪ್ಪ ಕ್ಯಾನ್ವಾಸ್ ಪೈಪು. ನೀರು ಕುಡಿದು ಹೆಬ್ಬಾವಿನ ಹಾಗೆ ಭಾರ. ಸಂಪಿನ ಪಕ್ಕ ನಿಂತು ‘ಮುಚ್ಚಳ ತೆಗೀರಿ’ ಅಂದರು. ಮನೆಯವರು ಬಾಡಿಗೆಯವರ ಜೊತೆ ಮಾತಿಗೆ ಇಳಿದಿದ್ದರು. ಈ ಲೋಡಿನ ದುಡ್ಡು ಯಾರದು, ಹೋದ ವಾರ ಬಟ್ಟೆ ಒಗೆದವರು ಯಾರು ಅಂತ. ‘ಮುಚ್ಚಳ ತೆಗೀರಿ ಸಾರ್.’ ಮೇಲಿನ ಮನೆಯವರು ಇಣುಕಿ ತಾವೂ ಸೇರಿಕೊಂಡರು. ಡ್ರೈವರ್ ನಾಲ್ಕು ಸಲ ಹೇಳಿದರು. ಭಾರದ ಪೈಪು ಹೆಗಲ ಮೇಲೇ ಇತ್ತು. ಕೊನೆಗೆ ಕ್ಲೀನರ್ ಹುಡುಗ ಬಗ್ಗಿ ಮುಚ್ಚಳ ಎತ್ತಿದ. ಇಷ್ಟು ವರ್ಷ ಆ ಜಗಳದಲ್ಲಿ ನಾನೂ ಒಂದು ಕಡೆ ನಿಂತು ಮಾತಾಡಿದ್ದೇನೆ. ಕ್ಯಾಬಿನ್ನಿನಿಂದ ನೋಡಿದಾಗಲೇ ಅದು ಹೇಗೆ ಕಾಣುತ್ತೆ ಅಂತ ತಿಳಿದದ್ದು.

ಹಳೇದನ್ನು ಪೂರ್ತಿ ಬಿಟ್ಟು ಹೊಸದಾಗಿ ಬರೆದೆ. ನಾಲ್ಕೇ ದಿನ ಸಾಕಾಯಿತು.

ಡ್ರೈವರಿಗೆ ಈಗ ಒಂದೇ ಮಾತು. ‘ಸಂಪಿನ ಮುಚ್ಚಳ ತೆಗೀರಿ.’ ನಾಟಕದಲ್ಲಿ ಅದು ಐದು ಸಲ ಬರುತ್ತೆ. ಅವರ ಸುತ್ತ ಬಡಾವಣೆಯವರು ಜಗಳ ಆಡುತ್ತಾರೆ, ಸಮಿತಿ ಮಾಡುತ್ತಾರೆ, ಸಮಿತಿಗೆ ಉಪಸಮಿತಿ ಮಾಡುತ್ತಾರೆ, ವಾಟ್ಸಾಪಿನಲ್ಲಿ ಮತ ಹಾಕುತ್ತಾರೆ. ಮುಚ್ಚಳ ಮಾತ್ರ ಯಾರೂ ತೆಗೆಯೋಲ್ಲ. ನಗು ಬೀಳುವುದಿದ್ದರೆ ನಮ್ಮ ಮೇಲೆ ಬೀಳಲಿ ಅಂತ ತೀರ್ಮಾನ ಮಾಡಿದ್ದೆ.

ಮೊದಲ ದೃಶ್ಯ ದರದ್ದು. 2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ನಿಗದಿ ಮಾಡಿತ್ತು. 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ನಾವು ಆ ತಿಂಗಳು 12,000 ಲೀಟರಿಗೆ ಕೊಟ್ಟದ್ದು 2,200. ದೃಶ್ಯದಲ್ಲಿ ಯಜಮಾನರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ. ‘ನೋಡೇ, 12,000 ಲೀಟರಿಗೆ ಬರೀ ಸಾವಿರ ರೂಪಾಯಂತೆ! ಸಾವಿರ!’ ಹೆಂಡತಿ ಮಾತಾಡುವುದಿಲ್ಲ. ಅವರ ಪಕ್ಕದಲ್ಲಿ ನಿಂತು ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಾರೆ. ಐನೂರು, ಸಾವಿರ, ಸಾವಿರದೈನೂರು, ಎರಡು ಸಾವಿರ, ನೂರು, ಇನ್ನೊಂದು ನೂರು. ಯಜಮಾನರು ಪೇಪರಿನ ಹಾಳೆ ತಿರುಗಿಸುತ್ತಾರೆ. ಅಷ್ಟೇ.

ಎರಡನೆಯದು ನೀಲಿ ಬಕೆಟ್ಟಿನದು. ಮಾರ್ಚಿನಲ್ಲಿ ಮನೆಯವರೆಲ್ಲ ನಲ್ಲಿಯ ಕೆಳಗೆ ಅದನ್ನಿಟ್ಟು ಸುತ್ತ ಕೂತಿರುತ್ತಾರೆ. ಹಿಂದಿನಿಂದ ಒಬ್ಬ ಹುಡುಗ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ಹಾಕುತ್ತಾ ಹೋಗುತ್ತಾನೆ. ಅಕ್ಟೋಬರ್ ಬರುವ ಹೊತ್ತಿಗೆ ಅದೇ ಜನ, ಅದೇ ಬಕೆಟ್ಟು, ನೀರನ್ನು ಮೊಗೆದು ಹೊರಗೆ ಎಸೆಯುತ್ತಾರೆ. ‘ಬೇಗ ಬೇಗ’ ಅನ್ನುವ ಒಂದೇ ಮಾತು ಎರಡು ಕಡೆಯೂ ಇದೆ.

ಮೂರನೆಯದರಲ್ಲಿ ಕಾವೇರಿ ಬರುತ್ತಾಳೆ. ಮೂಲೆ ಮನೆ ಅಜ್ಜಿ ಆ ಪಾತ್ರ ಮಾಡಿದರು. ಹಸಿರು ಸೀರೆ, ಕೈಯಲ್ಲಿ ಕೋಲು. ‘ನೂರು ಕಿಲೋಮೀಟರ್ ನಡೆದು ಬಂದಿದೀನಪ್ಪ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಎತ್ತಿ ಎತ್ತಿ ಮೇಲಕ್ಕೆ ತಳ್ಳಿದ್ರು. ಅರ್ಧ ಕಿಲೋಮೀಟರಷ್ಟು ಎತ್ತರ ಹತ್ತಿದೀನಿ. ಮಂಡಿ ಹೋಯ್ತು. ನಿಮ್ಮ ರಸ್ತೆ ತುದಿಗೆ ಬಂದಿದೀನಿ. ಒಳಗೆ ಬರ್ಲಾ?’ ರಸ್ತೆಯಲ್ಲಿ ಪೈಪಿಗೆ ಅಂತ ಅಗೆದ ಗುಂಡಿ. ಅಜ್ಜಿ ಗುಂಡಿಯ ಈಚೆ, ಬಡಾವಣೆಯವರು ಆಚೆ. ಆ ದೃಶ್ಯ ಬರೆಯುವಾಗ ಕಾವೇರಿ ನೀರಿನ ದಾರಿಯನ್ನು ನಾನೂ ಮೊದಲ ಸಲ ಸರಿಯಾಗಿ ತಿಳಿದುಕೊಂಡೆ. ಬೆಂಗಳೂರು ಇಷ್ಟು ಎತ್ತರದಲ್ಲಿದೆ, ನದಿ ಅಷ್ಟು ಕೆಳಗಿದೆ. ನಲ್ಲಿ ತಿರುಗಿಸಿದಾಗ ಬರುವ ಒಂದೊಂದು ಚೊಂಬನ್ನೂ ಕರೆಂಟು ಸುಟ್ಟು ಮೇಲೆ ಎತ್ತಿರುತ್ತಾರೆ. ಮಕ್ಕಳಿಗೆ ಪಾಠದಲ್ಲಿ ಇದನ್ನು ಹೇಳಿದರೆ ಆಕಳಿಸುತ್ತಾರೆ. ಅಜ್ಜಿ ಮಂಡಿ ಹಿಡಿದುಕೊಂಡು ಹೇಳಿದಾಗ ಹತ್ತನೇ ಕ್ಲಾಸಿನ ಹುಡುಗ ‘ಹೌದಾ ಮಿಸ್? ಅಷ್ಟು ದೂರದಿಂದನಾ?’ ಅಂತ ಕೇಳಿದ.

ರಿಹರ್ಸಲ್ ದಿನಾ ರಾತ್ರಿ ಎಂಟಕ್ಕೆ, ತಾರಸಿಯಲ್ಲಿ. ಸೊಳ್ಳೆ ಕಾಟ ಜಾಸ್ತಿ. ದೀಪಾವಳಿಯ ಮೂರು ದಿನ ಬಿಟ್ಟು ಉಳಿದ ದಿನ ತಪ್ಪಿಸಲಿಲ್ಲ. ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದದ್ದು ನಿಲ್ಲಿಸುವುದು. ನೋಟು ಎಣಿಸುವ ಆಂಟಿ ಮೊದಲು ಬೇಗ ಬೇಗ ಎಣಿಸಿಬಿಡುತ್ತಿದ್ದರು. ಅದರಲ್ಲಿ ಏನೂ ಇರಲಿಲ್ಲ. ‘ಒಂದೊಂದು ನೋಟನ್ನೂ ಬಿಡೋಕೆ ಮನಸ್ಸಿಲ್ಲದ ಹಾಗೆ ಎಣಿಸಿ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನಸ್ಸಿರಲಿಲ್ಲ ಕಣ್ರೀ ನಿಜವಾಗ್ಲೂ. ಮಗಳ ಫೀಸಿಗೆ ಅಂತ ಇಟ್ಟಿದ್ದು’ ಅಂದರು. ಆಮೇಲೆ ಎಣಿಸಿದ್ದು ಬೇರೆಯೇ. ಎರಡು ಸಾವಿರದ ಹತ್ತಿರ ಬಂದಾಗ ಕೈ ನಿಂತಿತು. ಗಂಡನ ಕಡೆ ಒಮ್ಮೆ ನೋಡಿದರು. ಮತ್ತೆ ನೂರು ತೆಗೆದರು.

ಇಸ್ತ್ರಿಯವರು ತಮ್ಮ ಒಂದು ಮಾತನ್ನು ಐದು ಥರ ಹೇಳಿ ನೋಡಿದರು. ಸಿಟ್ಟಿನಿಂದ, ಬೇಡಿಕೊಂಡು, ಹಾಡಿನ ಹಾಗೆ. ಯಾವುದೂ ಸರಿ ಅನ್ನಿಸಲಿಲ್ಲ. ಕೊನೆಗೆ ಅವರೇ, ‘ಐದು ಸಲವೂ ಒಂದೇ ಥರ ಹೇಳ್ತೀನಿ ಮೇಡಂ. ಅವನು ಹಂಗೇ ಹೇಳೋದು’ ಅಂದರು. ಅದೇ ಸರಿಯಾಗಿತ್ತು.

ಕಾರ್ಯಕ್ರಮಕ್ಕೆ ಒಂದು ವಾರ ಇದ್ದಾಗ ಒಂದು ತೊಡಕು ಬಂತು. ನಾಟಕದಲ್ಲಿ ಕಾರು ತೊಳೆಯುವ ಒಂದು ಸಣ್ಣ ಪ್ರಸಂಗ ಇತ್ತು. ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನಮ್ಮ ಬಡಾವಣೆಯಲ್ಲಿ ಆಗಲೂ ಕೆಲವರು ಬೆಳಗಿನ ಜಾವ ಕತ್ತಲಲ್ಲಿ ತೊಳೆಯುತ್ತಿದ್ದರು. ಅವರಲ್ಲಿ ಒಬ್ಬರು ಶಾಮಿಯಾನದ ಖರ್ಚು ಕೊಡುತ್ತಿದ್ದವರು. ‘ಅದೊಂದು ತೆಗೆದುಬಿಡಿ ಟೀಚರ್, ಸುಮ್ನೆ ಯಾಕೆ ಮನಸ್ತಾಪ’ ಅಂತ ಸಂಘದವರು ಹೇಳಿಸಿದರು.

ನನಗೆ ಬೇಜಾರಾಯಿತು. ಡ್ರೈವರನ್ನು ಮಹಾರಾಜ ಮಾಡಿದಾಗ ಯಾರೂ ತೆಗೆಯಿರಿ ಅನ್ನಲಿಲ್ಲ, ಇಸ್ತ್ರಿಯವರನ್ನು ಬಿಟ್ಟು. ಶಾಮಿಯಾನದ ಖರ್ಚು ಕೊಡುವವರ ಮನೆಗೇ ಹೋದೆ. ‘ಸರ್, ಇದರಲ್ಲಿ ಯಾರ ಹೆಸರೂ ಇಲ್ಲ. ಕಾರಿನ ಬಣ್ಣವನ್ನೂ ಹೇಳಿಲ್ಲ. ನೀವೇ ಓದಿ ನೋಡಿ. ಸುಳ್ಳು ಅನ್ನಿಸಿದ ಸಾಲು ಇದ್ದರೆ ಹೇಳಿ, ಹೊಡೆದು ಹಾಕ್ತೀನಿ’ ಅಂತ ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ‘ಬೆಳಗಿನ ಜಾವ ನಾಲ್ಕೂವರೆ ಅಂತ ಬರೆದಿದ್ದೀರಿ. ಐದು ಗಂಟೆ’ ಅಂದರು. ಬೇರೇನೂ ಹೇಳಲಿಲ್ಲ. ಅಲ್ಲೇ ಅವರ ಪೆನ್ನು ತೆಗೆದುಕೊಂಡು ಐದು ಅಂತ ತಿದ್ದಿದೆ. ಶಾಮಿಯಾನ ಬಂತು.

ನವೆಂಬರ್ 24, ಭಾನುವಾರ. ಬೆಂಗಳೂರಿನಲ್ಲಿ ರಾಜ್ಯೋತ್ಸವ ಅಂದರೆ ನವೆಂಬರ್ ಒಂದೇ ತಾರೀಕಲ್ಲ, ತಿಂಗಳಿಡೀ. ಬೀದಿಗೆ ಹಳದಿ ಕೆಂಪು ತೋರಣ. ಹಲಗೆ ಜೋಡಿಸಿದ ಸ್ಟೇಜು. ಪೈಪು ನಿಜವಾದದ್ದೇ ಬೇಕು ಅಂತ ನಾನು ಹಟ ಹಿಡಿದಿದ್ದೆ. ಡ್ರೈವರ್ ಮಧ್ಯಾಹ್ನವೇ ತಂದುಕೊಟ್ಟಿದ್ದರು. ಒದ್ದೆ ಇತ್ತು. ಸ್ಟೇಜಿನ ಮೇಲೆ ಎಳೆದ ಕಡೆಯೆಲ್ಲ ನೀರಿನ ಗೆರೆ ಬಿತ್ತು.

ನೋಟಿನ ದೃಶ್ಯದಲ್ಲಿ ಮೊದಲು ಹೆಂಗಸರ ಸಾಲಿನಿಂದ ನಗು ಬಂತು. ಎರಡು ಸಾವಿರ ದಾಟಿದ ಮೇಲೆ ಗಂಡಸರ ಕಡೆಯಿಂದ. ಬಕೆಟ್ಟಿನ ದೃಶ್ಯದಲ್ಲಿ ಎದುರು ಮನೆಯ ಪುಟ್ಟ ಹುಡುಗಿ ‘ಅಮ್ಮಾ, ಅದು ನಮ್ಮನೆ ಬಕೆಟ್ಟು!’ ಅಂತ ಕೂಗಿದಳು. ಹೌದು, ಅವರಿಂದಲೇ ಕೇಳಿ ತಂದಿದ್ದೆವು. ಕಾವೇರಿ ಅಜ್ಜಿ ಗುಂಡಿಯ ಈಚೆ ನಿಂತು ‘ಒಳಗೆ ಬರ್ಲಾ?’ ಅಂದಾಗ ನಗು ಬರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ‘ಬಾರಮ್ಮಾ’ ಅಂದರು. ಅಜ್ಜಿ ಅದಕ್ಕೆ ಕಾದು, ತಲೆ ಆಡಿಸಿ, ಆಮೇಲೆ ಮುಂದಿನ ಮಾತು ಹೇಳಿದರು. ಅದನ್ನು ನಾನು ಕಲಿಸಿರಲಿಲ್ಲ.

ಕಾರು ತೊಳೆಯುವ ಪ್ರಸಂಗ ಬಂದಾಗ ನಾನು ಮುಂದಿನ ಸಾಲಿನ ಕಡೆ ನೋಡಲಿಲ್ಲ. ಶಾಮಿಯಾನದ ಖರ್ಚು ಕೊಟ್ಟವರು ಕೊನೆಯವರೆಗೂ ಕೂತಿದ್ದರು ಅಂತ ಆಮೇಲೆ ಯಾರೋ ಹೇಳಿದರು.

ಕೊನೆಯ ದೃಶ್ಯ. ಇಸ್ತ್ರಿಯವರು ಪೈಪು ಹೊತ್ತು ಬಂದರು. ‘ಸಂಪಿನ ಮುಚ್ಚಳ ತೆಗೀರಿ.’ ಸಮಿತಿ ರಚನೆಯಾಯಿತು. ‘ಸಂಪಿನ ಮುಚ್ಚಳ ತೆಗೀರಿ.’ ಉಪಸಮಿತಿ. ಮೂರನೇ ಸಲ ಅವರು ಬಾಯಿ ತೆರೆಯುವ ಮೊದಲೇ ಮುಂದೆ ಚಾಪೆ ಮೇಲೆ ಕೂತಿದ್ದ ಮಕ್ಕಳೆಲ್ಲ ಸೇರಿ ಕೂಗಿದರು: ‘ಸಂಪಿನ ಮುಚ್ಚಳ ತೆಗೀರಿ!’ ಐದನೇ ಸಲಕ್ಕೆ ಇಡೀ ಬೀದಿಯೇ ಕೂಗಿತು. ಸ್ಟೇಜಿನ ಮೇಲಿದ್ದ ಬ್ಯಾಂಕ್ ಅಂಕಲ್, ನಾಟಕದಲ್ಲಿ ಅವರು ತೆಗೆಯಬಾರದು, ಆದರೂ ಆ ಕೂಗಿಗೆ ಬಗ್ಗಿ ಮುಚ್ಚಳ ತೆಗೆದೇಬಿಟ್ಟರು. ಚಪ್ಪಾಳೆ ಬಿತ್ತು. ನಾನು ಬರೆದ ಕೊನೆಯ ಮಾತು ಹಾಗೇ ಉಳಿಯಿತು. ಬೇಕಾಗಿರಲಿಲ್ಲ ಅದು.

ಡ್ರೈವರ್ ಜನರೇಟರಿನ ಪಕ್ಕ ಕ್ಲೀನರ್ ಹುಡುಗನ ಹೆಗಲ ಮೇಲೆ ಕೈ ಹಾಕಿ ನಿಂತು ನೋಡಿದ್ದರು. ಎಲ್ಲ ಮುಗಿದ ಮೇಲೆ ಪೈಪು ಸುತ್ತಿ ಲಾರಿಗೆ ಏರಿಸುವಾಗ ಹತ್ತಿರ ಹೋದೆ. ಹೇಗಿತ್ತು ಅಂತ ಕೇಳೋಕೆ ಎದೆ ಹೊಡೆದುಕೊಳ್ಳುತ್ತಿತ್ತು.

‘ಚೆನ್ನಾಗಿತ್ತು ಅಕ್ಕಾ. ಒಂದೇ ಒಂದು. ಅಣ್ಣ ಪೈಪ್ ಹಿಡಿದಿದ್ದು ತಪ್ಪು. ಬಲಗೈ ಮುಂದೆ ಹಿಡಿದ್ರೆ ನೀರು ಬಿಟ್ಟಾಗ ಹೊಡೆತಕ್ಕೆ ಪೈಪ್ ಕಿತ್ಕೊಂಡು ಹೋಗ್ತದೆ. ಎಡಗೈ ಮುಂದೆ ಇರ್ಬೇಕು, ಬಲಗೈ ಕಂಕುಳಲ್ಲಿ ಒತ್ತಿ ಹಿಡೀಬೇಕು.’ ಹಿಡಿದು ತೋರಿಸಿದರು. ಇಸ್ತ್ರಿಯವರೂ ಬಂದು ಹಿಡಿದು ನೋಡಿದರು. ಎರಡು ಸಲ ಮಾಡಿದ ಮೇಲೆ ಸರಿಯಾಯಿತು.

ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು. ಅವರ ಅಕ್ಕನ ಮಗಳು ಊರಿನ ಶಾಲೆಯಲ್ಲಿ ಎಂಟನೇ ಕ್ಲಾಸಂತೆ. ವಾರ್ಷಿಕೋತ್ಸವಕ್ಕೆ ಈ ನಾಟಕ ಆಡಬಹುದಾ ಅಂತ. ‘ಆದ್ರೆ ನಮ್ಮೂರಲ್ಲಿ ಆಡೋದಾದ್ರೆ ನಿಮ್ಮ ನೀರು ನಮ್ಮ ಕೆರೆಗೆ ಬರೋ ಸೀನೂ ಬೇಕು ಅಕ್ಕಾ. ಅದಿಲ್ದೆ ಆಗಲ್ಲ.’

ಮನೆಗೆ ಬಂದು ಹಾಳೆಯ ಅಂಚಿನಲ್ಲಿ ‘ಪೈಪು: ಎಡಗೈ ಮುಂದೆ’ ಅಂತ ಬರೆದುಕೊಂಡೆ. ಡಿಸೆಂಬರಿನ ರಜೆಯಲ್ಲಿ ಒಂದು ದಿನ ಅವರ ಜೊತೆ ಲಕ್ಷ್ಮೀಸಾಗರ ಕೆರೆಗೆ ಹೋಗಿ ಬರೋದು ಅಂತ ಮಾತಾಯಿತು. ಆ ದೃಶ್ಯವನ್ನು ಕೆರೆ ನೋಡಿಕೊಂಡು ಬಂದ ಮೇಲೆಯೇ ಬರೆಯಬೇಕು ಅಂದುಕೊಂಡೆ.